ಗಾಡಿ ಅವನದು, ದಾರಿ ಯಾರದು?

ಲಾರಿ ರೈಲು ಹತ್ತಿ ಹೋಗೋದನ್ನ ನೋಡಿದ್ದೀರಾ? ನೋಡಿಲ್ಲ ಅಂದ್ರೆ ಒಮ್ಮೆ ಕುಮಟಾದಲ್ಲೋ, ಹೊನ್ನಾವರದಲ್ಲೋ, ಭಟ್ಕಳದಲ್ಲೋ ಕೊಂಕಣ ರೈಲ್ವೆ ಹಳಿ ಪಕ್ಕ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಇಂಜಿನ್ ಹಿಂದೆ ಬೋಗಿಗಳಿರಲ್ಲ. ಸಾಲು ಸಾಲು ಚಪ್ಪಟೆ ವ್ಯಾಗನ್‌ಗಳು, ಅವುಗಳ ಮೇಲೆ ಲೋಡು ತುಂಬಿದ ಲಾರಿಗಳು. ಕ್ಯಾಬಿನ್ನಿನಲ್ಲಿ ಡ್ರೈವರ್, ಕ್ಲೀನರ್ ಕೂತಿರ್ತಾರೆ. ಸ್ಟೇರಿಂಗ್ ಎದುರಿಗೇ ಇದೆ, ತಿರುಗಿಸೋ ಕೆಲಸವಿಲ್ಲ. ಇದಕ್ಕೆ ರೋ-ರೋ ಅಂತಾರೆ. 1999ರಲ್ಲಿ ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾವರೆಗೆ ಶುರುವಾಯ್ತು, 2004ರಲ್ಲಿ ನಮ್ಮ ಸುರತ್ಕಲ್‌ವರೆಗೂ ಬಂತು.

ಈ ದೃಶ್ಯ ನೋಡಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಗಾಡಿ ಅವನದು, ಸರಿ. ದಾರಿ ಯಾರದು?

ಉತ್ತರ ಬೇಕಾದರೆ 160 ವರ್ಷ ಹಿಂದಕ್ಕೆ ಹೋಗಬೇಕು.

ಆಗ ಇಂಗ್ಲೆಂಡಿನ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ‘ಕುಮಟಾ ಹತ್ತಿ’ ಅಂತ ಒಂದು ಹೆಸರಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯುತ್ತಾ ಅಂತ ಕೇಳ್ತೀರಿ. ಇಲ್ಲ. ಬೆಳೆದದ್ದು ಘಟ್ಟದ ಮೇಲಿನ ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ. ಹಡಗು ಹತ್ತಿದ ಊರಿನ ಹೆಸರು ಅಂಟಿಕೊಂಡಿತು, ಅಷ್ಟೇ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಬರೋದು ನಿಂತಾಗ ಲಂಕಾಶೈರ್ ಗಿರಣಿಗಳು ಇಂಡಿಯಾದ ಕಡೆ ತಿರುಗಿದವು. ಬೆಲೆ ಗಗನಕ್ಕೇರಿತು.

ಆ ಹತ್ತಿಯನ್ನ ಘಟ್ಟ ಇಳಿಸಿದವರು ಯಾರು? ಹೇರಿನ ಎತ್ತಿನವರು, ಗಾಡಿಯವರು. ಸ್ವಂತ ಎತ್ತು, ಸ್ವಂತ ಗಾಡಿ, ದೊರೆತಷ್ಟು ಬಾಡಿಗೆ. ಕುಮಟಾ ಮುಟ್ಟಿದ ಅಂಡಿಗೆಗಳು ಪತ್ತೇಮಾರಿ ಹತ್ತಿ ಮುಂಬೈಗೆ ಹೋಗುತ್ತಿದ್ದವು. ಮಳೆಗಾಲದಲ್ಲಿ ಬಂದರು ಬಂದ್. ಹಾಗಾಗಿ ಗಾಡಿಯವನ ದುಡಿಮೆಯೆಲ್ಲ ಬೇಸಿಗೆಯ ಕೆಲವೇ ತಿಂಗಳಲ್ಲಿ. ಎತ್ತಿಗೆ ಮೇವು ಮಾತ್ರ ಹನ್ನೆರಡು ತಿಂಗಳೂ ಬೇಕು. ಅವನನ್ನು ಬದುಕಿಸಿದ್ದು ಇನ್ನೊಂದು ಸರಕು. ಇಳಿಯುವಾಗ ಹತ್ತಿ, ಹತ್ತುವಾಗ ಉಪ್ಪು. ಪಕ್ಕದಲ್ಲೇ ಸಾಣಿಕಟ್ಟಾದ ಉಪ್ಪಿನಾಗರ ಇತ್ತಲ್ಲ! ಇವತ್ತಿನ ಲಾರಿಯವರ ಭಾಷೆಯಲ್ಲಿ ಹೇಳೋದಾದ್ರೆ, ರಿಟರ್ನ್ ಲೋಡು.

ಈ ಹತ್ತಿಯ ಮೇಲೆ ದೊಡ್ಡವರ ಕಣ್ಣು ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರವನ್ನ ಹತ್ತಿಯ ಬಂದರು ಮಾಡಬೇಕು ಅನ್ನೋ ಲೆಕ್ಕ ಅದರ ಹಿಂದಿತ್ತು. ಅದೂ ಅಂದುಕೊಂಡ ಹಾಗೆ ಆಗಲಿಲ್ಲ. 1880ರ ದಶಕ ಮುಗಿಯುವ ಹೊತ್ತಿಗೆ ಗೋವಾದ ಮರ್ಮಗೋವಾದಿಂದ ಘಟ್ಟ ಹತ್ತಿ ರೈಲು ಬಂತು. ಹತ್ತಿ ಆ ಕಡೆ ತಿರುಗಿತು. ಹತ್ತಿಗೇನು ನಷ್ಟ? ಏನೂ ಇಲ್ಲ. ಸಾಹುಕಾರ ತನ್ನ ಅಂಗಡಿಯನ್ನ ರೈಲಿನ ದಾರಿಗೆ ಬದಲಾಯಿಸಿಕೊಂಡ. ಎತ್ತು ಕೊಂಡವನು ಎತ್ತನ್ನ ಎಲ್ಲಿಗೆ ಬದಲಾಯಿಸಿಕೊಳ್ಳಬೇಕು ಸ್ವಾಮಿ?

ಈಗ ಅಮೆರಿಕಕ್ಕೆ ಹೋಗೋಣ. ಅಲ್ಲೂ ಹತ್ತಿಯೇ, ಅಲ್ಲೂ ಸ್ವಂತ ಗಾಡಿಯವನೇ. ಮಾಲ್ಕಮ್ ಮೆಕ್‌ಲೀನ್ ಅಂತ ನಾರ್ತ್ ಕೆರೊಲಿನಾದವನು, 1930ರ ದಶಕದಲ್ಲಿ ಒಂದು ಹಳೇ ಟ್ರಕ್ ಇಟ್ಟುಕೊಂಡು ಬಾಡಿಗೆಗೆ ಇಳಿದ. 1937ರಲ್ಲಿ ಹತ್ತಿ ಬೇಲುಗಳನ್ನ ಹೋಬೋಕನ್ ಬಂದರಿಗೆ ತಂದು, ಕೂಲಿಗಳು ಒಂದೊಂದೇ ಬೇಲು ಇಳಿಸೋದನ್ನ ನೋಡ್ತಾ ದಿನವಿಡೀ ಕಾದಿದ್ದೆ, ಆಗಲೇ ಈ ಯೋಚನೆ ಹೊಳೆಯಿತು ಅಂತ ಮುಂದೆ ಅವನೇ ಹೇಳಿಕೊಂಡಿದ್ದ. 1956ರ ಏಪ್ರಿಲ್ 26ರಂದು ಅವನ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರ್ ಹೊತ್ತು ನೆವಾರ್ಕ್‌ನಿಂದ ಹೂಸ್ಟನ್‌ಗೆ ಹೊರಟಿತು. ಟನ್ನಿಗೆ ಐದು ಡಾಲರ್ ಮೀರಿದ್ದ ಲೋಡಿಂಗ್ ಖರ್ಚು 16 ಸೆಂಟ್‌ಗೆ ಇಳಿಯಿತು. ಜಗತ್ತಿನ ವ್ಯಾಪಾರವನ್ನೇ ಬದಲಿಸಿದ ಡಬ್ಬ ಅದು.

ಆದರೆ ಆ ಡಬ್ಬ ನಮ್ಮ ಈ ಮೂರು ಊರಿಗೆ ಏನು ಮಾಡಿತು? ವಿಜಯನಗರಕ್ಕೆ ಕುದುರೆ ಇಳಿಸಿಕೊಟ್ಟ ಬಂದರು ಭಟ್ಕಳ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಳುಮೆಣಸು ಸಮುದ್ರಕ್ಕಿಳಿದ ಬಾಗಿಲು ಹೊನ್ನಾವರ. ಹತ್ತಿಗೆ ಕುಮಟಾ. ಕಂಟೇನರ್ ಹಡಗಿಗೆ ಆಳದ ನೀರು ಬೇಕು, ದೈತ್ಯ ಕ್ರೇನ್ ಬೇಕು. ನಮ್ಮ ಅಳಿವೆಗಳ ಬಾಯಲ್ಲಿ ಮರಳು. ಹಾಗಾಗಿ ಹಡಗು ಮುಂಬೈ ಪಕ್ಕದ ನ್ಹಾವಾ ಶೇವಾದಲ್ಲೋ, ಮಂಗಳೂರಿನ ಪಣಂಬೂರಿನಲ್ಲೋ, ಕೊಚ್ಚಿಯಲ್ಲೋ ನಿಲ್ಲುತ್ತೆ. ಡಬ್ಬ ನಮ್ಮೂರ ಹೆದ್ದಾರಿ 66ರ ಮೇಲೆ ಧೂಳೆಬ್ಬಿಸಿ ಹೋಗುತ್ತೆ, ಇಳಿಯಲ್ಲ.

ಅದನ್ನ ಎಳೆಯೋ ಟ್ರೇಲರ್‌ಗಳಲ್ಲಿ ಓನರ್ ಕಮ್ ಡ್ರೈವರ್ ಯಾರಾದರೂ ಸಿಕ್ಕರೆ ಮಾತಾಡಿಸಿ ನೋಡಿ. ಡೀಸೆಲ್‌ಗೆ ಕೈಮೇಲೆ ದುಡ್ಡು, ಟೋಲ್‌ಗೆ ಕೈಮೇಲೆ ದುಡ್ಡು, ಬಾಡಿಗೆ ಮಾತ್ರ ‘ಬಿಲ್ ಪಾಸಾಗಲಿ’. ಟೈರು, ಇನ್ಶೂರೆನ್ಸ್, ಎಫ್‌ಸಿ, ಫೈನಾನ್ಸಿನ ಕಂತು, ಎಲ್ಲಾ ಅವನ ತಲೆಗೆ. ಇನ್ನೊಂದು ಸೂಕ್ಷ್ಮ ಇದೆ. ಟ್ರೇಲರ್ ಅವನದು, ಡಬ್ಬ ಹಡಗು ಕಂಪನಿಯದು. ಸರಕು ಇಳಿಸಿದ ಮೇಲೆ ಎಷ್ಟೋ ಸಲ ಖಾಲಿ ಡಬ್ಬವನ್ನೇ ಹೊತ್ತು ವಾಪಸ್ ಮುಟ್ಟಿಸಬೇಕು. ಎತ್ತಿನ ಗಾಡಿಯವನಿಗೆ ಹೋಗುವಾಗ ಉಪ್ಪಾದರೂ ಇತ್ತು!

2024ರ ಜುಲೈ 16 ನೆನಪಿದೆಯಲ್ವಾ? ಕುಮಟಾ ದಾಟಿ ಸ್ವಲ್ಪ ಮುಂದೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿಯಿತು. ಲಾರಿಯವರು ಚಹಾಕ್ಕೆ ನಿಲ್ಲಿಸುತ್ತಿದ್ದ ಅಂಗಡಿ, ಅದರ ಮನೆಮಂದಿ ಸಮೇತ ಹೋಯಿತು. ಗಂಗಾವಳಿಗೆ ಬಿದ್ದ ಕೇರಳದ ಲಾರಿ, ಅದರೊಳಗಿನ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ನಡುವೆ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೇ ಕಾಳಿ ಸೇತುವೆಯೂ ಕುಸಿದು ಇನ್ನೊಂದು ಲಾರಿ ನದಿಗೆ ಬಿತ್ತು. ಪುಣ್ಯಕ್ಕೆ ಆ ಚಾಲಕ ಬದುಕಿ ಬಂದ.

ನಾವು ಟಿವಿಯವರು ಏನು ಮಾಡಿದೆವು? ಜೆಸಿಬಿ ತೋರಿಸಿದೆವು, ಮುಳುಗುಗಾರರನ್ನ ತೋರಿಸಿದೆವು, ಮಂತ್ರಿಗಳ ಭೇಟಿ ತೋರಿಸಿದೆವು. ನಾನೂ ಅದರಲ್ಲಿ ಒಬ್ಬ. ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಆ ದಿನಗಳ ಕಂತನ್ನ ಲಾರಿ ಮಾಲೀಕ ಎಲ್ಲಿಂದ ಕಟ್ಟಿದ ಅಂತ ಒಂದು ಸಾಲೂ ಕೇಳಲಿಲ್ಲ. ಈ ತಪ್ಪು ನನ್ನದೂ ಹೌದು, ಅದಕ್ಕೇ ಇವತ್ತು ಕೇಳ್ತಿದ್ದೇನೆ.

ಸರ್ಕಾರವೇ ಹೆದ್ದಾರಿ ಮುಚ್ಚಿದ ದಿನಗಳ ಕಂತನ್ನ, ಬಡ್ಡಿ ಮೇಲೆ ಬಡ್ಡಿ ಹಾಕದೆ ಮುಂದೂಡೋದು ಅಷ್ಟು ಕಷ್ಟವಾ? ಸಣ್ಣ ಉದ್ಯಮಗಳ ಬಾಕಿಯನ್ನ 45 ದಿನದೊಳಗೆ ಕೊಡಬೇಕು ಅಂತ 2006ರಲ್ಲೇ ಕಾನೂನು ಬಂದಿದೆ. ಒಂದೇ ಟ್ರೇಲರ್ ಇರುವವನೂ ಆ ಪಟ್ಟಿಗೆ ಸೇರಿ, ತನ್ನ ಬಾಡಿಗೆಯನ್ನ ಧೈರ್ಯವಾಗಿ ಕೇಳುವಂತೆ ಮಾಡೋಕೆ ಯಾರಾದರೂ ಅವನ ಪಕ್ಕ ನಿಂತಿದ್ದಾರಾ?

ಕುಮಟಾ ಹತ್ತಿಯ ಹೆಸರು ಇತಿಹಾಸದ ಪುಸ್ತಕಗಳಲ್ಲಿದೆ. 1883ರ ಕೆನರಾ ಗೆಜೆಟಿಯರ್‌ನಲ್ಲಿ ಜಿಲ್ಲೆಯ ಬಂದರುಗಳ ವಿವರವಿದೆ. ಘಟ್ಟ ಇಳಿಸಿ ತಂದವನ ಎತ್ತು ಆಮೇಲೆ ಏನಾಯ್ತು, ಅದು ಯಾರಿಗೂ ಬೇಕಿರಲಿಲ್ಲ. ಮುಂದಿನ ಸಲ ಆ ರೈಲು ಶರಾವತಿ ಸೇತುವೆ ದಾಟುವಾಗ ಲಾರಿಗಳನ್ನಷ್ಟೇ ಎಣಿಸಬೇಡಿ. ಕ್ಯಾಬಿನ್ನಿನ ಕಿಟಕಿಯ ಕಡೆಗೂ ಒಮ್ಮೆ ನೋಡಿ. ಒಳಗೆ ಒಬ್ಬ ಮನುಷ್ಯ ಕೂತಿರ್ತಾನೆ.