ಮೈಸೂರು: ಊಟ, ವಿಹಾರ ಮತ್ತು ನೀರು

ಹೊರಗಿನಿಂದ ಬಂದ ನಂಟರಿಗೆ ಊರನ್ನು ತೋರಿಸುವ ಭಾರವು ಮೈಸೂರಿನ ಗೃಹಸ್ಥನ ಮೇಲೆ ವರ್ಷಕ್ಕೆ ನಾಲ್ಕಾರು ಸಲವಾದರೂ ಬೀಳುವುದುಂಟು. ಅರಮನೆ, ಬೆಟ್ಟ, ಮೃಗಾಲಯ, ಕನ್ನಂಬಾಡಿಯ ಕಟ್ಟೆ, ಇವುಗಳ ನಡುವೆ ಮೈಸೂರು ಪಾಕ್, ಮಸಾಲೆದೋಸೆ. ನಂಟರು ಸಂತೋಷಪಟ್ಟು ಹಿಂತಿರುಗುತ್ತಾರೆ. ಆದರೆ ಕಾಲೇಜಿನಲ್ಲಿ ಚರಿತ್ರೆಯನ್ನು ಹೇಳುವ ನನ್ನಂತಹವನಿಗೆ ಇಷ್ಟರಿಂದ ತೃಪ್ತಿಯಾಗದು. ಈ ಸ್ಥಳಗಳೂ ಈ ರುಚಿಗಳೂ ಇಲ್ಲಿಯೇ ಏಕೆ ನೆಲೆಯಾದುವು ಎಂದು ವಿಚಾರಿಸಹೊರಟರೆ, ಉತ್ತರವು ಪದೇ ಪದೇ ಒಂದೇ ಕಡೆಗೆ ಕೈ ತೋರಿಸುತ್ತದೆ. ಅದು ನೀರಿನ ಕಡೆಗೆ. ಶ್ರೋತೃಗಳೆ, ನಮ್ಮ ಊರಿನ ಊಟ ವಿಹಾರಗಳ ಚರಿತ್ರೆಯನ್ನು ಈ ದಾರಿಯಿಂದ ಸ್ವಲ್ಪ ನೋಡೋಣ.

ಮೊದಲು ಒಂದು ಸೋಲಿನ ಕಥೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ರಾಜಧಾನಿಯು ಮೈಸೂರಿಗೆ ಬಂದಿತು. ಪಟ್ಟಣವಾದರೋ ಕಾವೇರಿಯ ಎರಡು ತೋಳುಗಳ ನಡುವಣ ದ್ವೀಪ. ಅಲ್ಲಿ ನೀರಿಗೆ ಕೊರತೆಯಿರಲಿಲ್ಲ. ಮೈಸೂರಿಗೆ ನದಿಯಿಲ್ಲ. ಇಲ್ಲಿಯವರು ಕೆರೆ ಕಟ್ಟೆ ಬಾವಿಗಳನ್ನೇ ನಂಬಿ ಬಾಳಬೇಕಾಗಿದ್ದಿತು. ದಿವಾನ್ ಪೂರ್ಣಯ್ಯನವರು ಈ ಕೊರತೆಯನ್ನು ಕಂಡು, ಕಾವೇರಿಯ ನೀರನ್ನು ಮೈಸೂರಿನ ಕಡೆಗೆ ತರಬೇಕೆಂದು ಬಹು ದೂರದಿಂದ ನಾಲೆಯನ್ನು ತೋಡಿಸಿದರು. ಶ್ರಮವೂ ಹಣವೂ ಬಹಳವಾಗಿ ವೆಚ್ಚವಾದುವು. ನದಿಯ ನೀರು ಮಾತ್ರ ಊರಿಗೆ ಬರಲಿಲ್ಲ. ಊರೊಳಗಿನ ತೋಡು ಬರಿದಾಗಿಯೇ ಉಳಿದು, ಕ್ರಮೇಣ ಊರಿನ ಕೊಳಕೆಲ್ಲ ಹರಿಯುವ ಹಾದಿಯಾಯಿತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಮಣ್ಣು ಹೊಯ್ದು ಮುಚ್ಚಬೇಕಾಗಿ ಬಂದಿತು.

ಹಾಗೆ ಮುಚ್ಚಿದ ನಾಲೆಯ ಹಾದಿಯಲ್ಲಿಯೇ ಇಂದಿನ ಸಯ್ಯಾಜಿರಾವ್ ರಸ್ತೆಯು ಸಾಗುತ್ತದೆ. ವಿಜಯದಶಮಿಯ ದಿನ ಅಂಬಾರಿಯ ಆನೆಯು ಅರಮನೆಯಿಂದ ಹೊರಟು ಬನ್ನಿಮಂಟಪಕ್ಕೆ ನಡೆಯುವುದು ಇದೇ ರಸ್ತೆಯ ಮೇಲೆ. ಲಕ್ಷಾಂತರ ಜನ ಕಣ್ಣು ತುಂಬ ನೋಡುವ ಆ ಮೆರವಣಿಗೆಯ ಕಾಲಡಿಯಲ್ಲಿ ಒಬ್ಬ ದೊಡ್ಡ ಆಡಳಿತಗಾರನ ಕೈಗೂಡದ ಆಸೆಯೊಂದು ಮಲಗಿದೆ ಎಂಬುದನ್ನು ಬಲ್ಲವರು ಎಷ್ಟು ಮಂದಿ?

ಇದೇ ರಸ್ತೆಯ ಮಗ್ಗುಲಿಗೆ ದೇವರಾಜ ಮಾರುಕಟ್ಟೆ ಇದೆ. ನಂಟರನ್ನು ಕರೆದುಕೊಂಡು ಬೆಳಗಿನ ಹೊತ್ತಿನಲ್ಲಿಯೇ ಇಲ್ಲಿಗೆ ಹೋಗಬೇಕು. ಆಗತಾನೆ ಬುಟ್ಟಿಗಳಿಂದ ಸುರಿದ ಮೈಸೂರು ಮಲ್ಲಿಗೆ, ಒಂದರ ಮೇಲೊಂದು ಜೋಡಿಸಿದ ಚಿಗುರು ವೀಳೆಯದೆಲೆ, ಕುಂಕುಮ ಅರಿಸಿನಗಳ ಗೋಪುರಗಳು, ಗೊನೆಗೊನೆಯಾಗಿ ತೂಗುವ ಬಾಳೆ, ಇವೆಲ್ಲವೂ ಆ ಹೊತ್ತಿನಲ್ಲಿ ಹೊಸತಾಗಿರುತ್ತವೆ. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ನೀರಿನ ನೆಲೆಯುಂಟು. ನಂಜನಗೂಡಿನ ರಸಬಾಳೆಯು ಕಪಿಲೆಯ ದಡದ ಮಣ್ಣಿನದು. ಸಿಪ್ಪೆ ತೆಳುವು, ಹಣ್ಣು ಸಣ್ಣದು, ಪರಿಮಳ ಮಾತ್ರ ಮನೆಯನ್ನೆಲ್ಲ ತುಂಬುವಂತಹುದು. ಸೊರಗು ರೋಗವು ಹಬ್ಬಿ ಇದರ ತೋಟಗಳು ಬಹುವಾಗಿ ಕುಗ್ಗಿಹೋಗಿವೆ. ಆದುದರಿಂದ ನಿಜವಾದ ಹಣ್ಣು ಸಿಕ್ಕಿದಾಗ ಬೆಲೆಯನ್ನು ಚರ್ಚಿಸದಿರುವುದೇ ಲೇಸು. ಇನ್ನು ಈರನಗೆರೆಯ ಬದನೆಕಾಯಿ. ವಾಂಗಿಭಾತಿಗೆ ಇದೇ ಆಗಬೇಕೆಂದು ಹಿರಿಯ ಗೃಹಿಣಿಯರು ಹಟ ಹಿಡಿಯುತ್ತಾರೆ. ಈರನಗೆರೆ, ಎಂದರೆ ವೀರನ ಕೆರೆ. ಹೆಸರಿನ ಕೊನೆಯಲ್ಲಿಯೇ ಕೆರೆಯಿದೆ. ಈಗ ಅದು ಮನೆಗಳು ಒತ್ತೊತ್ತಾಗಿ ನಿಂತಿರುವ ಒಂದು ಬಡಾವಣೆ. ಕೆರೆಯನ್ನೂ ಬದನೆಯ ಪಾತಿಗಳನ್ನೂ ಮರೆತ ಜನ, ಕಾಯಿಯ ಹೆಸರನ್ನು ಮಾತ್ರ ಮರೆತಿಲ್ಲ. ಊರಿನ ನಾಲಗೆಯು ಕೆಲವು ವೇಳೆ ಊರಿನ ನಕ್ಷೆಗಿಂತ ಹೆಚ್ಚು ಕಾಲ ಚರಿತ್ರೆಯನ್ನು ಕಾಪಾಡುತ್ತದೆ.

ಮಾರುಕಟ್ಟೆಯ ಕಟ್ಟಡವೇ ಒಂದು ಚರಿತ್ರೆ. ಅದರ ಒಂದು ಭಾಗವು 2016ರಲ್ಲಿ ಕುಸಿದುಬಿದ್ದಿತು. ಅದಕ್ಕೂ ಮೊದಲು, 2012ರಲ್ಲಿ, ನೆರೆಯ ಲ್ಯಾನ್ಸ್‌ಡೌನ್ ಕಟ್ಟಡದ ಭಾಗವೊಂದು ಕುಸಿದು ಜೀವಹಾನಿಯೂ ಆಗಿದ್ದಿತು. ಕೆಡವಿ ಹೊಸದಾಗಿ ಕಟ್ಟಬೇಕೆ, ದುರಸ್ತಿ ಮಾಡಿ ಉಳಿಸಬೇಕೆ ಎಂಬ ವಾದವು ಆ ಮೇಲೆ ವರ್ಷಗಟ್ಟಲೆ ನಡೆಯಿತು. ಹಳೆಯದೆಂಬ ಒಂದೇ ಕಾರಣದಿಂದ ಅಪಾಯವನ್ನು ತಲೆಯ ಮೇಲೆ ಹೊರಬೇಕೆಂದು ಯಾರೂ ಹೇಳರು. ಆದರೆ ಹೂವಾಡಿಗನಿಗೂ ಎಲೆ ಮಾರುವವನಿಗೂ ತಲೆಮಾರುಗಳಿಂದ ಅಂಟಿಬಂದ ಸ್ಥಳವು ಕೇವಲ ಇಟ್ಟಿಗೆ ಗಾರೆಯಲ್ಲವೆಂಬುದೂ ಅಷ್ಟೇ ನಿಜ.

ಮಾರುಕಟ್ಟೆಯ ಬದಿಯ ಸಿಹಿಯಂಗಡಿಯನ್ನು ದಾಟಿ ಹೋಗುವುದು ಕಷ್ಟ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗನಾಗಿದ್ದ ಕಾಕಾಸುರ ಮಾದಪ್ಪನು ಕಡಲೆಹಿಟ್ಟು, ತುಪ್ಪ, ಸಕ್ಕರೆಗಳನ್ನು ಕೂಡಿಸಿ ಹೊಸತೊಂದನ್ನು ಮಾಡಿ ಬಡಿಸಿದನೆಂದೂ, ಹೆಸರನ್ನು ಕೇಳಿದಾಗ ಮೈಸೂರು ಪಾಕವೆಂದನೆಂದೂ ಪ್ರತೀತಿ. ಆತನ ವಂಶದವರ ಅಂಗಡಿಯು ಸಯ್ಯಾಜಿರಾವ್ ರಸ್ತೆಯಲ್ಲಿಯೇ ನಡೆದುಬಂದಿದೆ. ಅರಮನೆಯ ಪಂಕ್ತಿಯಲ್ಲಿ ಹುಟ್ಟಿದ ಭಕ್ಷ್ಯವು ಬೀದಿಗೆ ಬಂದು ಎಲ್ಲರದಾದುದು ನನಗೆ ಅದರ ರುಚಿಯಷ್ಟೇ ಪ್ರಿಯವಾದ ಸಂಗತಿ. ದೋಸೆಯ ವಿಷಯವನ್ನು ನಾನು ವಿಸ್ತರಿಸುವುದಿಲ್ಲ. ಕೆಂಪು ಚಟ್ನಿ ಬಳಿದ ಗರಿಗರಿ ದೋಸೆಯೋ, ನಜರ್‌ಬಾದಿನ ಮೆತ್ತನೆಯ ದೋಸೆಯೋ ಎಂಬ ಜಗಳವು ಈ ಊರಿನಲ್ಲಿ ತೀರತಕ್ಕದ್ದಲ್ಲ.

ಊಟ ಮುಗಿಸಿ ಒಂದು ನಿದ್ದೆ ತೆಗೆದ ಮೇಲೆ ದೊಡ್ಡಕೆರೆ ಮೈದಾನದ ಕಡೆಗೆ ಹೊರಡಬಹುದು. ದಸರೆಯ ವಸ್ತುಪ್ರದರ್ಶನವು ನಡೆಯುವುದು ಇಲ್ಲಿಯೇ. ತಟ್ಟೆಗಿಂತ ಅಗಲವಾದ ಹಪ್ಪಳ, ಚುರುಮುರಿ, ಮೆಣಸಿನಕಾಯಿ ಬಜ್ಜಿಗಳಿಗಾಗಿಯೇ ಇಲ್ಲಿಗೆ ಬರುವವರುಂಟು. ನನ್ನ ವಿದ್ಯಾರ್ಥಿಯೊಬ್ಬನು ಒಮ್ಮೆ, “ಹನಿ ನೀರಿಲ್ಲದ ಈ ಬಯಲನ್ನು ದೊಡ್ಡಕೆರೆ ಎನ್ನುವುದೇಕೆ?” ಎಂದು ಕೇಳಿದನು. ಅರಮನೆಗೂ ಬೆಟ್ಟಕ್ಕೂ ನಡುವೆ ಇಲ್ಲಿ ನಿಜವಾಗಿಯೂ ಒಂದು ದೊಡ್ಡ ಕೆರೆಯಿದ್ದಿತೆಂದು ಹೇಳಿದಾಗ ಅವನು ನಂಬಲೊಲ್ಲದೆ ಹೋದನು. ಅವನ ಅಪನಂಬಿಕೆಯು ನನ್ನನ್ನು ಬಹು ದಿನ ಕಾಡಿತು. ಒಂದೆರಡು ತಲೆಮಾರುಗಳಲ್ಲಿ ಒಂದು ಕೆರೆಯು ಬರಿಯ ಶಬ್ದವಾಗಿಬಿಡಬಲ್ಲದು!

ಹೀಗೆ ಶಬ್ದವಾಗದೆ ಉಳಿದ ಕೆರೆಗಳಲ್ಲಿ ಮುಖ್ಯವಾದುದು ಕುಕ್ಕರಹಳ್ಳಿಯದು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ನಿರ್ಮಿಸಿದರು. ವಿಹಾರಕ್ಕೆಂದಲ್ಲ; ಊರ ಹೊರಗಿನ ಗದ್ದೆಗಳಿಗೆ ನೀರೂಡಿಸಲೆಂದು. ಗದ್ದೆಗಳು ಬಡಾವಣೆಗಳಾದುವು, 1960ರಲ್ಲಿ ಕುವೆಂಪು ಅವರು ಕಲ್ಪಿಸಿದ ಮಾನಸಗಂಗೋತ್ರಿಯು ಇದರ ಮಗ್ಗುಲಲ್ಲಿಯೇ ತಲೆಯೆತ್ತಿತು. ಏರಿಯ ಮೇಲೆ ಮುಂಜಾನೆಯೂ ಸಂಜೆಯೂ ನಡೆಯುವುದು ಮೈಸೂರಿನವರಿಗೆ ನಿತ್ಯಕರ್ಮವಾಗಿದೆ. ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ಕಾಣುತ್ತ ಅಲ್ಲಿ ಅರ್ಧ ಗಂಟೆ ಕುಳಿತರೆ, ಈ ಊರಿನವರಿಗೆ ಆತುರವೇಕೆ ಕಡಮೆಯೆಂಬುದು ನಂಟರಿಗೂ ತಿಳಿಯುತ್ತದೆ.

ಇಲ್ಲಿಯೇ ನನ್ನ ಮಾತಿನ ತಿರುಳಿದೆ. ಮಳೆಯ ನೀರನ್ನು ಈ ಕೆರೆಗೆ ತಂದು ತುಂಬುವ ಕಾಲುವೆಯು ಇಂದಿಗೂ ಪೂರ್ಣಯ್ಯನವರ ಹೆಸರನ್ನೇ ಹೊತ್ತಿದೆ. ಕಾವೇರಿಯನ್ನು ತರಲಾರದ ಕೆಲಸವು ಮೋಡದ ನೀರನ್ನಾದರೂ ತಂದಿತು. ಸೋಲು ಪೂರ್ತಿಯಾಗಿ ಸೋಲಾಗಲಿಲ್ಲ. ಆದರೆ ಹೂಳು, ಒತ್ತುವರಿ, ಕೊಚ್ಚೆನೀರು ಇವು ಕಾಲುವೆಯನ್ನೂ ಕೆರೆಯನ್ನೂ ಬಹಳವಾಗಿ ಬಾಧಿಸಿವೆ. ಮೃಗಾಲಯದ ಪಕ್ಕದ ಕಾರಂಜಿ ಕೆರೆಯು ಹೀಗೆಯೇ ಕೆಟ್ಟು, ಈ ಶತಮಾನದ ಆರಂಭದಲ್ಲಿ ಕೊಚ್ಚೆಯನ್ನು ತಡೆದು ಹೂಳೆತ್ತಿದ ಮೇಲೆ ಮತ್ತೆ ಜೀವ ತಳೆಯಿತು. ಇಂದು ಅಲ್ಲಿ ಮಕ್ಕಳು ದೋಣಿಯಲ್ಲಿ ತೇಲುತ್ತಾರೆ. ಮಾಡಿದರೆ ಆಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕನ್ನಂಬಾಡಿಯ ವಿಷಯವು ಎಲ್ಲರಿಗೂ ತಿಳಿದುದೇ. 1911ರಲ್ಲಿ ಆರಂಭವಾದ ಆ ಕಟ್ಟೆಯಿಂದ, ಪೂರ್ಣಯ್ಯನವರು ಕಂಡ ಕನಸಿಗಿಂತ ಎಷ್ಟೋ ಮಿಗಿಲಾದುದು ಕೈಗೂಡಿತು. ಆದರೆ ದೂರದ ನೀರು ಕೊಳಾಯಿಯಲ್ಲಿ ಬಂದೊಡನೆ ಹತ್ತಿರದ ನೀರನ್ನು ನಾವು ಕಡೆಗಣಿಸಿದೆವು. ಬಾಯಾರಿಕೆಯಿದ್ದಾಗ ಕಾಪಾಡಿದ ಕೆರೆಗಳು, ಬಾಯಾರಿಕೆ ತೀರಿದ ಮೇಲೆ ನಮಗೆ ಬರಿಯ ನಿವೇಶನಗಳಂತೆ ಕಂಡುವು.

ನಂಟರು ಹೊರಡುವ ಮುನ್ನ ಅವರನ್ನು ಚಾಮುಂಡಿಬೆಟ್ಟಕ್ಕೆ ಮೆಟ್ಟಿಲುಗಳ ದಾರಿಯಿಂದಲೇ ಕರೆದೊಯ್ಯಿರಿ. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ದಾರಿಯದು. ನಡುವೆ ನಂದಿಯ ನೆರಳಿನಲ್ಲಿ ಸುಧಾರಿಸಿಕೊಳ್ಳಬಹುದು. ಮೇಲಿನಿಂದ ಅರಮನೆಯ ಗೋಪುರವನ್ನು ತೋರಿಸಿದ ಮೇಲೆ ಹೊಳೆಯುವ ನೀರುಗಳನ್ನೂ ಒಂದೊಂದಾಗಿ ತೋರಿಸಿರಿ. ಜೊತೆಯಲ್ಲಿ ಮಕ್ಕಳಿದ್ದರೆ ಅವರಿಂದಲೇ ಎಣಿಸಿರಿ. ಅವರು ದೊಡ್ಡವರಾಗಿ ತಮ್ಮ ನಂಟರೊಡನೆ ಅಲ್ಲಿಗೆ ಬಂದಾಗ, ಎಣಿಕೆಯಲ್ಲಿ ಒಂದೂ ಕಡಮೆಯಾಗದಿರಲಿ.