ಅಂಕೋಲೆಯ ಘಟ್ಟದ ದಾರಿಯೂ ಅರವಟ್ಟಿಗೆಯ ಧರ್ಮವೂ

ಪ್ರಾಚೀನ ಸಂಚಾರವನ್ನು ಕುರಿತು ಬರೆಯುವವರು ಮಾರ್ಗ, ಸುಂಕ, ಸರಕು, ಸಾರ್ಥವಾಹ ಮೊದಲಾದ ವಿಷಯಗಳನ್ನು ವಿಸ್ತಾರವಾಗಿ ವಿವೇಚಿಸುವುದುಂಟು. ಆದರೆ ದಾರಿಹೋಕನು ನಡುದಾರಿಯಲ್ಲಿ ಏನನ್ನು ಕುಡಿದನು, ಅದನ್ನು ಅವನಿಗೆ ಯಾರು ಕೊಟ್ಟರು ಎಂಬುದನ್ನು ವಿಚಾರಿಸುವವರು ವಿರಳ. ಹಸಿವನ್ನು ಒಂದೆರಡು ದಿವಸ ಸಹಿಸಬಹುದು. ಬಿಸಿಲಿನಲ್ಲಿ ಘಟ್ಟವನ್ನೇರುವವನಿಗೆ ಬಾಯಾರಿಕೆಯನ್ನು ಅರ್ಧ ದಿವಸ ಸಹಿಸುವುದೂ ಕಷ್ಟ. ಆದುದರಿಂದ ಮಾರ್ಗದ ಇತಿಹಾಸವು ಒಂದು ದೃಷ್ಟಿಯಿಂದ ನೀರಿನ ಇತಿಹಾಸವೇ ಆಗಿರುವುದು. ಇದಕ್ಕೆ ಅಂಕೋಲೆಯ ಸೀಮೆಯು ಉತ್ತಮವಾದ ನಿದರ್ಶನವಾಗಿದೆ.

ಅಂಕೋಲೆಯು ಪಡುಗಡಲಿಗೂ ಸಹ್ಯಾದ್ರಿಗೂ ನಡುವಣ ಇಕ್ಕಟ್ಟಾದ ನೆಲದಲ್ಲಿರುವ ಊರು. ಇಲ್ಲಿಂದ ಸುಂಕಸಾಳ, ಅರಬೈಲು, ಇಡಗುಂದಿಗಳ ಮೇಲೆ ಯಲ್ಲಾಪುರಕ್ಕೂ, ಅಲ್ಲಿಂದ ಹುಬ್ಬಳ್ಳಿಯ ಬಯಲಿಗೂ ದಾರಿಯು ಹೋಗುತ್ತದೆ. ಕರಾವಳಿಯ ಉಪ್ಪು, ತೆಂಗು, ಒಣಮೀನುಗಳು ಹೇರೆತ್ತುಗಳ ಬೆನ್ನಿನ ಮೇಲೆ ಘಟ್ಟವನ್ನೇರುತ್ತಿದ್ದವು; ಮೇಲಣ ಹತ್ತಿ, ಅಡಿಕೆ, ಮೆಣಸುಗಳು ಇಳಿದು ಬರುತ್ತಿದ್ದವು. ಈ ಪ್ರದೇಶದಲ್ಲಿ ಮಳೆಗೆ ಬಡತನವಿಲ್ಲ. ಆದರೆ ಆ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುವುದು. ಆ ತಿಂಗಳುಗಳಲ್ಲಿ ಹಳ್ಳಗಳು ಉಕ್ಕಿ, ಮಣ್ಣು ಜರಿದು, ಎತ್ತುಗಳ ಸಾಲು ನಡೆಯಲಾರದು. ಇಂದಿನ ಹೆದ್ದಾರಿಗಳಿಗೂ ಈ ಭಯವು ತಪ್ಪಿಲ್ಲ: ೨೦೨೪ನೆಯ ಇಸವಿಯ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು, ದಾರಿಹೋಕರಿಗೆ ಚಹಾ ಕೊಡುತ್ತಿದ್ದ ಅಂಗಡಿಯೂ ಅದರಲ್ಲಿದ್ದ ಜನರೂ ನಾಶವಾದುದು ಎಲ್ಲರಿಗೂ ತಿಳಿದಿದೆ. ಸಂಚಾರಕ್ಕೆ ಯೋಗ್ಯವಾದ ಕಾಲವು ಮಳೆ ನಿಂತ ಮೇಲೆ ಬರುವುದು. ಮಾಘ ಫಾಲ್ಗುಣಗಳು ಕಳೆಯುತ್ತಿರಲು ಸಣ್ಣ ಹಳ್ಳಗಳು ಬತ್ತುವುವು, ಜಂಬಿಟ್ಟಿಗೆಯ ನೆಲವು ಹೀರಿದ ನೀರು ಆಳಕ್ಕಿಳಿಯುವುದು, ಗಂಗಾವಳಿಯ ಅಳಿವೆಯ ಕಡೆ ಕಡಲಿನ ಉಬ್ಬರದೊಡನೆ ಉಪ್ಪುನೀರು ಒಳನುಗ್ಗುವುದು. ಹೀಗೆ ನೀರಿದ್ದಾಗ ದಾರಿಯಿಲ್ಲ, ದಾರಿಯಿದ್ದಾಗ ನೀರಿಲ್ಲ ಎಂಬುದೇ ಈ ಸೀಮೆಯ ಸ್ಥಿತಿಯಾಗಿತ್ತು.

ಇದಕ್ಕೆ ಪರಿಹಾರವೇನು? ನೀರನ್ನು ಹೊತ್ತು ನಡೆಯುವುದು ಒಂದು ಮಿತಿಯವರೆಗೆ ಮಾತ್ರ ಸಾಧ್ಯ. ಬಿಸಿಲಿನಲ್ಲಿ ಹೊರೆಯೊಡನೆ ಏರುವವನು ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಬೆವರಿನಲ್ಲಿ ಕಳೆದುಕೊಳ್ಳಬಹುದು. ಒಂದು ಲೀಟರು ನೀರಿಗೆ ಒಂದು ಕಿಲೋಗ್ರಾಂ ತೂಕವಿದೆ. ಎತ್ತುಗಳಿಗೆ ಬೇಕಾದುದನ್ನು ಎತ್ತುಗಳ ಮೇಲೆಯೇ ಹೇರಿದರೆ ಸರಕಿಗೆ ಸ್ಥಳವೆಲ್ಲಿ? ಸೋರೆಬುರುಡೆಯೂ ತಂಬಿಗೆಯೂ ಒಂದು ತಂಗುದಾಣದಿಂದ ಇನ್ನೊಂದಕ್ಕೆ ಆಗುವಷ್ಟನ್ನು ಮಾತ್ರ ಒದಗಿಸಬಲ್ಲವು. ಆದುದರಿಂದ ಪೂರ್ವಿಕರು ನೀರನ್ನು ಹೊರೆಯಾಗಿ ಎಣಿಸದೆ ಸ್ಥಾನವಾಗಿ ಎಣಿಸಿದರು. ಸೈನ್ಯವು ನಡೆಯುವಾಗ ಮೇವು, ಸೌದೆ, ನೀರು ಇವುಗಳ ಅನುಕೂಲವನ್ನು ನೋಡಿ ಬೀಡುಗಳನ್ನು ಮೊದಲೇ ಗೊತ್ತುಮಾಡಬೇಕೆಂದು ಕೌಟಿಲ್ಯನು ವಿಧಿಸಿರುವನು. ಅಶೋಕನು ದಾರಿಗಳಲ್ಲಿ ಬಾವಿಗಳನ್ನು ತೋಡಿಸಿ, ಮನುಷ್ಯರಿಗೂ ಪಶುಗಳಿಗೂ ಪಾನಸ್ಥಾನಗಳನ್ನು ಏರ್ಪಡಿಸಿದುದಾಗಿ ತನ್ನ ಶಾಸನಗಳಲ್ಲಿ ಹೇಳಿಕೊಂಡಿರುವನು. ಪಶುಗಳನ್ನೂ ಎಣಿಸಿರುವುದು ಇಲ್ಲಿ ಗಮನಾರ್ಹ. ಎತ್ತು ಬಾಯಾರಿದರೆ ವ್ಯಾಪಾರವೇ ನಿಲ್ಲುವುದಷ್ಟೆ.

ಈ ಏರ್ಪಾಡಿಗೆ ಕನ್ನಡದಲ್ಲಿ ಅರವಟ್ಟಿಗೆಯೆಂದು ಹೆಸರು. ಅಱವಟ್ಟಿಗೆ, ಅಱವಂಟಿಗೆ ಎಂಬ ಹಳೆಯ ರೂಪಗಳಿವೆ. ಇದರ ಮೊದಲ ಭಾಗವಾದ ಅಱ ಎಂಬುದಕ್ಕೆ ಧರ್ಮವೆಂದು ಅರ್ಥ. ತಮಿಳಿನ ಅಱಮ್ ಎಂಬುದೂ ಇದೇ. ಸಂಸ್ಕೃತದಲ್ಲಿ ಇದೇ ಪ್ರಪೆ. ಪಾನೀಯಶಾಲೆಯೆಂದು ಕೋಶಕಾರರು ಇದಕ್ಕೆ ಅರ್ಥವನ್ನು ಹೇಳುವರು. ತಮಿಳರು ತಣ್ಣೀರ್ಪಂದಲೆಂದೂ, ತೆಲುಗರು ಚಲಿವೇಂದ್ರವೆಂದೂ, ಮರಾಠರು ಪಾಣಪೋಯಿಯೆಂದೂ ಕರೆಯುವರು. ಇತರ ಹೆಸರುಗಳು ನೀರನ್ನೋ ತಂಪನ್ನೋ ಚಪ್ಪರವನ್ನೋ ಸೂಚಿಸುತ್ತಿರಲು, ಕನ್ನಡದ ಹೆಸರು ಧರ್ಮವನ್ನೇ ಮುಂದಿಟ್ಟುಕೊಂಡಿರುವುದು ವಿಶೇಷ. ಕನ್ನಡ ಶಾಸನಗಳಲ್ಲಿ ಕೆರೆ, ಬಾವಿ, ಸತ್ರಗಳೊಡನೆ ಅರವಟ್ಟಿಗೆಯೂ ದತ್ತಿಗೆ ಪಾತ್ರವಾಗಿ ಬರುತ್ತದೆ. ಇದರಿಂದ ಅದು ಒಬ್ಬನ ಕ್ಷಣಿಕವಾದ ಔದಾರ್ಯವಾಗಿರದೆ, ಭೂಮಿಯ ಆದಾಯದಿಂದ ನಡೆಯುವ ಸಂಸ್ಥೆಯಾಗಿಯೂ ಇದ್ದಿತೆಂದು ತಿಳಿಯುವುದು. ಹಳ್ಳವು ಬತ್ತುವ ಕಾಲದಲ್ಲಿ ಚಪ್ಪರವು ಏಳಬೇಕು, ಕೊಡಗಳು ತುಂಬಿರಬೇಕು, ಹೊಯ್ಯುವವನು ಹಾಜರಿರಬೇಕು. ಅವನ ಜೀವನಕ್ಕೆ ಒಂದು ವೃತ್ತಿಯಿಲ್ಲದಿದ್ದರೆ ಇದು ವರ್ಷವರ್ಷವೂ ನಡೆಯಲಾರದು.

ನೀರು ದೊರೆತರೆ ಸಾಲದು, ಅದು ಕುಡಿಯಲು ಯೋಗ್ಯವಾಗಿರಬೇಕು. ಕದಡಿದ ನೀರನ್ನು ತಿಳಿಯಾಗಿಸಲು ಸುಶ್ರುತನು ಏಳು ಸಾಧನಗಳನ್ನು ಹೇಳಿರುವನು: ಕತಕವೆಂಬ ಚಿಲ್ಲದ ಬೀಜ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು, ಮಣಿ. ನೀರನ್ನು ತಣಿಸುವುದಕ್ಕೆ ಗಾಳಿಯಲ್ಲಿಡುವುದು, ಮರಳಿನಲ್ಲಿ ಹೂಳುವುದು, ಸಿಕ್ಕದಲ್ಲಿ ತೂಗುಹಾಕುವುದು ಮೊದಲಾದ ಉಪಾಯಗಳನ್ನೂ ಕೊಟ್ಟಿರುವನು. ಬಟ್ಟೆಯಲ್ಲಿ ಶೋಧಿಸಿದ ನೀರನ್ನೇ ಕುಡಿಯಬೇಕೆಂಬುದು ಮನುಸ್ಮೃತಿಯ ವಿಧಿ. ಇದು ಬರಿಯ ಮಡಿಯ ಮಾತಲ್ಲ. ನಾರುಹುಣ್ಣನ್ನು ತರುವ ಹುಳುವಿನ ಮರಿಗಳು ನೀರಿನಲ್ಲಿರುವ ಸೂಕ್ಷ್ಮಜೀವಿಯೊಂದರ ಒಡಲಲ್ಲಿದ್ದು, ಆ ನೀರನ್ನು ಕುಡಿದವನನ್ನು ಸೇರುತ್ತವೆ. ನವುರಾದ ಬಟ್ಟೆಯು ಆ ಜೀವಿಯನ್ನು ತಡೆಯಬಲ್ಲುದು. ಕರ್ನಾಟಕವನ್ನೂ ಕಾಡಿದ್ದ ಈ ರೋಗವನ್ನು ನಿರ್ಮೂಲಮಾಡುವಾಗ ನೀರು ಸೋಸುವ ಬಟ್ಟೆಯೇ ಮುಖ್ಯ ಸಾಧನಗಳಲ್ಲೊಂದಾಯಿತು. ೨೦೦೦ನೆಯ ಇಸವಿಯಲ್ಲಿ ಭಾರತವು ಅದರಿಂದ ಮುಕ್ತವೆಂದು ಪ್ರಮಾಣಿತವಾಯಿತು. ಆದರೆ ಕಾಲರಾ ಮೊದಲಾದ ರೋಗಗಳ ಬೀಜಗಳನ್ನು ಬಟ್ಟೆಯಾಗಲಿ ಚಿಲ್ಲದ ಬೀಜವಾಗಲಿ ಸಂಪೂರ್ಣವಾಗಿ ನಿವಾರಿಸಲಾರವು. ಅದಕ್ಕೆ ಕುದಿಸುವುದೇ ನೆಚ್ಚತಕ್ಕ ಉಪಾಯ. ತಿಳಿಯಾದುದೆಲ್ಲವೂ ಶುದ್ಧವಲ್ಲವೆಂಬ ಈ ವಿವೇಕವನ್ನು ಬಿಟ್ಟು ಶಾಸ್ತ್ರವನ್ನು ಹೊಗಳುವುದು ಯುಕ್ತವಲ್ಲ.

ಅರವಟ್ಟಿಗೆಯ ಧರ್ಮವನ್ನೂ ಹೀಗೆಯೇ ವಿಮರ್ಶೆಯಿಂದ ನೋಡಬೇಕು. ದಾನದ ನೀರು ಎಲ್ಲರಿಗೂ ಸಿಕ್ಕುತ್ತಿತ್ತೇ, ಸಮಾನವಾಗಿ ಸಿಕ್ಕುತ್ತಿತ್ತೇ ಎಂಬುದು ಪ್ರಶ್ನೆ. ಗಿಂಡಿಯಿಂದ ಎತ್ತಿ ಹೊಯ್ಯುವುದು ಶುಚಿಗೆ ಅನುಕೂಲವಾದ ಪದ್ಧತಿ. ಅದೇ ಪದ್ಧತಿಯು ಅಸ್ಪೃಶ್ಯರೆನಿಸಿದವರನ್ನು ದೂರ ನಿಲ್ಲಿಸುವ ಸಾಧನವೂ ಆಯಿತು. ಉಪ್ಪಿನ ಆಗರದಿಂದಲೇ ಹೆಸರನ್ನು ಪಡೆದ ಆಗೇರರು ಈ ಕರಾವಳಿಯಲ್ಲಿ ಉಪ್ಪನ್ನು ಬೆಳೆದವರು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅವರ ಹೆಸರಿದೆ. ಘಟ್ಟವನ್ನೇರುವ ಸರಕನ್ನು ದುಡಿದವನಿಗೆ ಘಟ್ಟದ ದಾರಿಯ ನೀರು ಹಕ್ಕಿನಿಂದ ಬರಲಿಲ್ಲ, ಹೊಯ್ಯುವವನ ಕೈಯ ಇಷ್ಟದಿಂದ ಬರಬೇಕಾಗಿತ್ತು. ಉತ್ತರ ಕನ್ನಡವು ೧೮೬೨ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ೧೯೨೩ನೆಯ ಇಸವಿಯ ಆಗಸ್ಟಿನಲ್ಲಿ ಆ ಪ್ರಾಂತದ ಶಾಸನಸಭೆಯಲ್ಲಿ ಎಸ್. ಕೆ. ಬೋಲೆಯವರು ಮಂಡಿಸಿದ ನಿರ್ಣಯವು, ಸಾರ್ವಜನಿಕ ಹಣದಿಂದ ನಡೆಯುವ ನೀರಿನ ಸ್ಥಾನಗಳೂ ಬಾವಿಗಳೂ ಧರ್ಮಶಾಲೆಗಳೂ ಅಸ್ಪೃಶ್ಯರಿಗೆ ತೆರೆದಿರಬೇಕೆಂದು ಶಿಫಾರಸು ಮಾಡಿತು. ಕಾಗದದ ಮೇಲಣ ಮಾತು ನೆಲದ ಮೇಲೆ ನಡೆಯದಿರಲು, ೧೯೨೭ರ ಮಾರ್ಚಿ ೨೦ರಂದು ಡಾ. ಅಂಬೇಡಕರರು ಅದೇ ಪ್ರಾಂತದ ಮಹಾಡದಲ್ಲಿ ಚವದಾರ ಕೆರೆಯ ನೀರನ್ನು ಕುಡಿದರು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಸರ್ಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆ ಮೀಸಲಾದ ಬಾವಿ, ಕೆರೆ, ದಾರಿಗಳ ಉಪಯೋಗದಲ್ಲಿ ಜಾತಿಭೇದವನ್ನು ನಿಷೇಧಿಸಿತು. ದಾನವಾಗಿದ್ದುದು ಹಕ್ಕಾದುದು ಹೀಗೆ.

ಮೋಟಾರು ಬಂದ ಮೇಲೆ ದಿನಗಳ ದಾರಿಯು ಗಂಟೆಗಳಿಗೆ ಇಳಿಯಿತು. ನೀರಿನ ತಾಣಗಳ ಅಂತರವನ್ನು ನೆನಪಿಡುವ ಅಗತ್ಯವು ತಪ್ಪಿತು. ಈಗ ಈ ಬೆಟ್ಟಗಳಲ್ಲಿ ಚಾರಣಕ್ಕೆ ಬರುವವರು ಸೀಸೆಗಳಲ್ಲಿ ನೀರನ್ನು ಹೊತ್ತು ತರುವರು. ಬರಿದಾದ ಸೀಸೆಗಳು ಹಳ್ಳದಲ್ಲಿಯೇ ಉಳಿಯುವುದೂ ಉಂಟು. ಚೈತ್ರದವರೆಗೆ ಬತ್ತದ ಒರತೆ ಯಾವುದು, ಎತ್ತುಗಳು ಎಲ್ಲಿ ತಂಗುತ್ತಿದ್ದವು, ಯಾವ ಕಟ್ಟೆಯ ಬಳಿ ಚಪ್ಪರವಿದ್ದಿತು ಎಂಬ ತಿಳಿವು ವೃದ್ಧರ ಬಾಯಲ್ಲಿಯೂ ಸ್ಥಳನಾಮಗಳಲ್ಲಿಯೂ ಮಾತ್ರ ಉಳಿದಿದೆ. ದತ್ತಿಶಾಸನಗಳ ಅರವಟ್ಟಿಗೆಗಳನ್ನು ಪಟ್ಟಿಮಾಡಿ, ಅವನ್ನು ಹಳೆಯ ಘಟ್ಟದ ದಾರಿಗಳೊಡನೆ ಹೋಲಿಸಿ, ಅಲ್ಲಿ ನೀರನ್ನು ಕೊಟ್ಟವರ ಹೆಸರಿನೊಡನೆ ದೂರ ನಿಂತು ಪಡೆದವರ ವೃತ್ತಾಂತವನ್ನೂ ಸಂಗ್ರಹಿಸುವುದು ಸಂಶೋಧಕರ ಮುಂದಿರುವ ಕರ್ತವ್ಯವಾಗಿದೆ.