ಜಾಗ್ವಾರ್ ಡಿ-ಟೈಪ್: ವಿನ್ಯಾಸವೂ ವಿಜಯವೂ

ಪಂದ್ಯದ ಕಾರೊಂದರ ಯೋಗ್ಯತೆಯನ್ನು ಅದು ಗಳಿಸಿದ ಗೆಲುವುಗಳ ಸಂಖ್ಯೆಯಿಂದ ಅಳೆಯುವುದು ವಾಡಿಕೆ. ಈ ಅಳತೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಬ್ರಿಟನ್ನಿನ ಜಾಗ್ವಾರ್ ಡಿ-ಟೈಪ್ ಕಾರಿನ ಚರಿತ್ರೆಯಿಂದ ಪರಿಶೀಲಿಸಬಹುದಾಗಿದೆ. ಫ್ರಾನ್ಸಿನ ಲೆ ಮಾನ್ ನಗರದ 24 ಗಂಟೆಗಳ ಪಂದ್ಯವನ್ನು ಅದು 1955, 1956 ಮತ್ತು 1957ರಲ್ಲಿ ಸತತವಾಗಿ ಗೆದ್ದಿತು. ಆದರೆ ಈ ಗೆಲುವುಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಉಚಿತವಲ್ಲವೆಂದು ನಾವು ಭಾವಿಸುತ್ತೇವೆ.

ಮೊದಲು ವಿನ್ಯಾಸವನ್ನು ನೋಡೋಣ. ಇದರ ರೂಪವನ್ನು ನಿರ್ಣಯಿಸಿದ ಮಾಲ್ಕಮ್ ಸೇಯರ್ ಹಿಂದೆ ಬ್ರಿಸ್ಟಲ್ ವಿಮಾನ ಕಾರ್ಖಾನೆಯಲ್ಲಿ ದುಡಿದವನು. ಕಾರಿನ ನಡುಭಾಗದಲ್ಲಿ ಪ್ರತ್ಯೇಕ ಚೌಕಟ್ಟಿಲ್ಲ. ವಿಮಾನದ ಒಡಲಿನಂತೆ ಲೋಹದ ಹೊದಿಕೆಯೇ ಭಾರವನ್ನು ಹೊರುತ್ತದೆ. ಎಣ್ಣೆಯ ತೊಟ್ಟಿಯನ್ನು ಎಂಜಿನಿನ ಅಡಿಯಿಂದ ಬೇರ್ಪಡಿಸಿ, ಎಂಜಿನನ್ನು ತುಸು ಓರೆಯಾಗಿ ಕೂರಿಸಿದುದರಿಂದ ಮುಂಭಾಗ ತಗ್ಗಿತು. ಗಾಳಿಯ ತಡೆ ಕಡಿಮೆಯಾಯಿತು. 1954ರಲ್ಲಿ 3.4 ಲೀಟರ್ ಎಂಜಿನಿನ ಈ ಕಾರು, 4.9 ಲೀಟರಿನ ಫೆರಾರಿಗೆ ಸೋತದ್ದು ಒಂದು ಸುತ್ತಿಗಿಂತಲೂ ಕಡಿಮೆ ಅಂತರದಿಂದ. ಆ ಸೋಲಿನಲ್ಲಿಯೇ ವಿನ್ಯಾಸದ ಸತ್ತ್ವ ವ್ಯಕ್ತವಾಗಿತ್ತು.

1955ರ ಗೆಲುವಾದರೋ ದುರಂತದೊಡನೆ ಬೆಸೆದುಕೊಂಡಿದೆ. ಜಾಗ್ವಾರಿನ ಚಾಲಕ ಹಾಥಾರ್ನ್, ಮ್ಯಾಕ್ಲಿನ್ ನಡೆಸುತ್ತಿದ್ದ ಆಸ್ಟಿನ್-ಹೀಲಿಯನ್ನು ದಾಟಿ, ತನ್ನ ತಂಗುದಾಣಕ್ಕಾಗಿ ಬ್ರೇಕು ಹಾಕಿದನು. ಮ್ಯಾಕ್ಲಿನ್ ಎಡಕ್ಕೆ ಸರಿಯಲು, ಹಿಂದಿನಿಂದ ವೇಗವಾಗಿ ಬಂದ ಲೆವೆಯ ಮರ್ಸಿಡಿಸ್ ಆ ಕಾರಿಗೆ ತಗುಲಿ ಜನಸಂದಣಿಯತ್ತ ಚಿಮ್ಮಿತು. ಲೆವೆಯೂ 80ಕ್ಕೂ ಹೆಚ್ಚು ಪ್ರೇಕ್ಷಕರೂ ಮಡಿದರು. ತಂಗುದಾಣಗಳನ್ನು ರಸ್ತೆಯಿಂದ ಬೇರ್ಪಡಿಸುವ ಗೋಡೆಯೇ ಅಲ್ಲಿರಲಿಲ್ಲ. ವಿಚಾರಣೆಯು ಯಾವ ಚಾಲಕನನ್ನೂ ಹೊಣೆ ಮಾಡಲಿಲ್ಲ. ಮುಂದಿದ್ದ ಮರ್ಸಿಡಿಸ್ ತಂಡವು ಅಂದಿನ ರಾತ್ರಿಯೇ ಹಿಂದೆಗೆಯಿತು. ಜಾಗ್ವಾರ್ ಓಟವನ್ನು ಮುಂದುವರಿಸಿ ಗೆದ್ದಿತು. ಎದುರಾಳಿ ತೆರಳಿದ ಮೇಲಿನ ಈ ಜಯವನ್ನು ಯಂತ್ರದ ಶ್ರೇಷ್ಠತೆಗೆ ಪ್ರಮಾಣವಾಗಿ ಸ್ವೀಕರಿಸಲಾಗದು.

ಪ್ರಮಾಣ ದೊರೆಯುವುದು 1957ರಲ್ಲಿ. ಆ ವೇಳೆಗೆ ಕಾರ್ಖಾನೆಯ ತಂಡ ಪಂದ್ಯಗಳಿಂದ ನಿವೃತ್ತವಾಗಿತ್ತು. ಫೆಬ್ರವರಿಯ ಬೆಂಕಿಯಲ್ಲಿ ಕೊವೆಂಟ್ರಿಯ ಕಾರ್ಖಾನೆಯ ಒಂದು ಭಾಗವೂ ಸುಟ್ಟಿತ್ತು. ಆದರೂ ಖಾಸಗಿ ತಂಡಗಳು ಓಡಿಸಿದ ಐದು ಡಿ-ಟೈಪ್‌ಗಳು ಫೆರಾರಿ, ಮಸೆರಾಟಿಗಳ ಎದುರು ಮೊದಲ ನಾಲ್ಕು ಸ್ಥಾನಗಳನ್ನೂ ಆರನೆಯದನ್ನೂ ಪಡೆದವು. ಗೆದ್ದುದು ಸ್ಕಾಟ್ಲೆಂಡಿನ ಎಕ್ಯುರಿ ಎಕೋಸ್ ತಂಡದ ಕಾರು.

ಆದುದರಿಂದ 1954ರ ಸೋಲು, 1955ರ ಗೆಲುವಿಗಿಂತ ಈ ಕಾರಿನ ಯೋಗ್ಯತೆಯನ್ನು ಹೆಚ್ಚು ಸ್ಪಷ್ಟವಾಗಿ ತಿಳಿಸುತ್ತದೆ. ವಿಜಯಗಳ ಪಟ್ಟಿಯನ್ನು ಓದುವಾಗ ಅವು ಒದಗಿದ ಸಂದರ್ಭವನ್ನೂ, ಅದಕ್ಕೆ ತೆತ್ತ ಬೆಲೆಯನ್ನೂ ಜೊತೆಗೇ ಓದುವುದು ಚರಿತ್ರಕಾರನ ಕರ್ತವ್ಯವಾಗಿದೆ.